ಸೆಲೀನ್ ಆಂಟಿಯ ಕೊಕ್ಕರೆ ಮುಷ್ಟಿ

ಸೆಲೀನ್ ಆಂಟಿಯನ್ನು ತಳ್ಳಲು ಯಾರಿಂದಲೂ ಆಗುತ್ತಿರಲಿಲ್ಲ. ಎತ್ತರ ಐದಡಿಗೆ ಒಂದಂಗುಲ ಕಡಿಮೆ. ವಯಸ್ಸು ಅರವತ್ತೆರಡು. ಎಡ ಮೊಣಕಾಲಿಗೆ ಒಂದು ಪಟ್ಟಿ, ಕುತ್ತಿಗೆಯಲ್ಲಿ ತೆಳು ಚಿನ್ನದ ಶಿಲುಬೆ, ಟ್ರ್ಯಾಕ್ ಪ್ಯಾಂಟಿನ ಮೇಲೆ ತಾವೇ ಹೆಣೆದ ಕಾರ್ಡಿಗನ್. ಶನಿವಾರ ಬೆಳಗ್ಗೆ ಐರಿಷ್ ನಾಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನ ಚರ್ಚ್ ಹಾಲ್‌ನ ನಡುವೆ ನಿಂತು ‘ತಳ್ಳಿ ನೋಡುವ’ ಎನ್ನುತ್ತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ಮಾರ್ಟಿನ್ ಆರಡಿ ಎತ್ತರದ ಆಳು. ಅವರು ಎರಡೂ ಕೈ ಹಾಕಿ, ಮುಖ ಕೆಂಪಾಗುವಷ್ಟು ದಬ್ಬಿದರೂ ಆಂಟಿ ಬಸ್ಸಿಗೆ ಕಾಯುವವರ ಹಾಗೆ ಬೇಜಾರಿನ ಮುಖ ಮಾಡಿಕೊಂಡು ನಿಂತಿರುತ್ತಿದ್ದರು.

ನನ್ನನ್ನು ಅವರು ಹಿಡಿದದ್ದು ಕನ್ನಡದವರ ಯುಗಾದಿ ಊಟದಲ್ಲಿ. ಬೆಂಗಳೂರಿನಿಂದ ಬಂದು ಕಾರ್ಕ್‌ನಲ್ಲಿ ಮಾಸ್ಟರ್ಸ್ ಮುಗಿಸಿ, ವೈದ್ಯಕೀಯ ಉಪಕರಣ ಮಾಡುವ ಕಂಪನಿಯೊಂದರ ಕ್ವಾಲಿಟಿ ವಿಭಾಗಕ್ಕೆ ಸೇರಿ ಒಂದು ವರ್ಷವಾಗಿತ್ತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೆನ್ನು ಕಮಾನಾಗಿತ್ತು. ಹೋಳಿಗೆ ಬಡಿಸುತ್ತಿದ್ದ ಆಂಟಿ ನನ್ನ ಹಿಂದೆ ನಿಂತು ಅಂದರು: “ಎಂತ ಮಾರಾಯ್ತಿ, ಇಷ್ಟು ಸಣ್ಣ ಪ್ರಾಯಕ್ಕೆ ಈ ಬೆನ್ನು? ಶನಿವಾರ ಹಾಲ್‌ಗೆ ಬಾ.”

ಯೋಗ ಇರಬೇಕೆಂದು ಚಾಪೆ ಸುತ್ತಿಕೊಂಡು ಹೋದೆ. ಅಲ್ಲಿ ನೋಡಿದರೆ ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರು ಹದಿನಾರು ಜನ ಐರಿಷರಿಗೆ ಚೀನಾದ ಕುಂಗ್‌ಫೂ ಹೇಳಿಕೊಡುತ್ತಿದ್ದಾರೆ! ಅದಕ್ಕೊಂದು ಚೀನೀ ಹೆಸರಿತ್ತು. ನನ್ನ ನಾಲಿಗೆಗೆ ಅದು ಇವತ್ತಿಗೂ ಹೊರಳುವುದಿಲ್ಲ. ಕೊಕ್ಕರೆ ನಿಲ್ಲುವ ರೀತಿಯನ್ನು ನೋಡಿ ಕಟ್ಟಿದ ವಿದ್ಯೆಯಂತೆ. ಕನ್ನಡದಲ್ಲಿ ನಾವಿಬ್ಬರೂ ಅದನ್ನು ಕೊಕ್ಕರೆ ಮುಷ್ಟಿ ಎಂದು ಕರೆಯುತ್ತಿದ್ದೆವು. ಮೊದಲ ದಿನ ಅವರು ಎರಡೇ ಬೆರಳಿನಿಂದ ನನ್ನ ಭುಜ ಒತ್ತಿದರು. ನಾನು ಮೂರು ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆಗೆ ಒರಗಿ, “ಸಾರಿ ಆಂಟಿ” ಎಂದೆ.

“ದೂಡಿದ್ದು ನಾನು. ಸಾರಿ ನಿಂದೆಂತಕ್ಕೆ?”

ನಾನು ಆಗ ಎಲ್ಲರಿಗೂ ಸಾರಿ ಹೇಳುತ್ತಿದ್ದೆ. ಮನೆ ಖಾಲಿ ಮಾಡು ಎಂದ ಮಾಲೀಕನಿಗೆ ಹೇಳಿದ್ದೆ, ನನ್ನ ವರದಿಗೆ ತನ್ನ ಹೆಸರು ಹಾಕಿಕೊಂಡ ಸಹೋದ್ಯೋಗಿಗೂ ಹೇಳಿದ್ದೆ.

ಕ್ಲಾಸ್ ಶುರುವಾಗುವ ಮೊದಲು ಆಂಟಿ ಒಂದು ರಟ್ಟಿನ ಹಾಳೆಯನ್ನು ಗೋಡೆಗೆ ಟೇಪ್ ಹಾಕಿ ಅಂಟಿಸುತ್ತಿದ್ದರು. ಅದು ಗುರುಗಳ ಪಟ್ಟಿ. ಪ್ರತಿ ಹೆಸರಿನ ಮುಂದೆ ಆ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂಬುದೂ ಇತ್ತು. ಮೇಲಿನ ಸಾಲು: ಹೆಸರು ಗೊತ್ತಿಲ್ಲ. ಅದರ ಕೆಳಗೆ: ಚಾನ್, ಮುರಿದ ಮೂಳೆ ಕಟ್ಟುವವರು. ಅದರ ಕೆಳಗೆ: ಮುಯ್, ದೋಣಿ ನಡೆಸುವವರು. ಕೊನೆಗೆ: ಫಂಗ್, ಅಡುಗೆಯವರು. ಅಷ್ಟೇ. ಹೊಸಬರು ಯಾರಾದರೂ ಆ ಮೊದಲ ಸಾಲನ್ನು ನೋಡಿ ನಕ್ಕರೆ ಆಂಟಿ ಸೊಂಟಕ್ಕೆ ಕೈಯಿಟ್ಟು ನಿಂತು ಗದರುತ್ತಿದ್ದರು. ನನಗೆ ಅದನ್ನೇ ಕನ್ನಡದಲ್ಲಿ ಹೇಳಿದ್ದು ಹೀಗೆ: “ಬೇರೆಯವರ ಪಟ್ಟಿ ಎಲ್ಲ ಒಬ್ಬ ಸನ್ಯಾಸಿಯಿಂದ ಶುರು ಆಗ್ತದೆ, ಇಲ್ಲಾಂದ್ರೆ ರಾಜನ ಸೇನಾಪತಿಯಿಂದ. ನಮ್ಮದು ಗೊತ್ತಿಲ್ಲ ಅಂತ ಶುರು ಆಗ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ಲಿಕ್ಕೆ ಎಂತ ನಾಚಿಕೆ?”

ಫಂಗ್ ಅವರು ಹಾಂಗ್‌ಕಾಂಗ್ ಕಡೆಯ ಹಳ್ಳಿಯವರು. ಕಾರ್ಕ್‌ನಲ್ಲಿ ಊಟ ಕಟ್ಟಿಕೊಡುವ ಒಂದು ಚೈನೀಸ್ ಟೇಕ್‌ಅವೇಯಲ್ಲಿ ಮೂವತ್ತು ವರ್ಷ ಬಾಣಲೆ ಹಿಡಿದವರು. ಆಂಟಿ ನರ್ಸ್ ಆಗಿದ್ದ ವಾರ್ಡಿಗೆ ಕೈ ಸುಟ್ಟುಕೊಂಡು ಬಂದು ಸೇರಿದ್ದರಂತೆ. ಬ್ಯಾಂಡೇಜ್ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಮಂಚಕ್ಕೂ ಗೋಡೆಗೂ ನಡುವೆ ಹಿಂದೆ ಮುಂದೆ ಹೆಜ್ಜೆ ಹಾಕುತ್ತಿದ್ದ ಆ ಮನುಷ್ಯನನ್ನು ನೋಡಿ ಆಂಟಿ ಗದರಿದರು. ಫಂಗ್ ತಲೆಯಾಡಿಸಿ, ನಿಲ್ಲಿಸದೆ, ಮುಗಿಸಿಯೇ ಮಲಗಿದರು. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಆಂಟಿ ಗದರುವುದನ್ನು ಬಿಟ್ಟು, ಅದೇನೆಂದು ಕೇಳಿದರು. “ಆಗ ನನಗೆ ಮನೆಯಲ್ಲೂ ಸುಖ ಇರ್ಲಿಲ್ಲ, ಡ್ಯೂಟಿಯಲ್ಲೂ ಇರ್ಲಿಲ್ಲ. ಆ ಮನುಷ್ಯನನ್ನು ನೋಡಿ, ಇವರ ಹಾಗೆ ನಿಲ್ಲಬೇಕು ಅಂತ ಆಯ್ತು ನೋಡು, ಅಷ್ಟೇ” ಎಂದಿದ್ದರು ನನ್ನ ಹತ್ತಿರ ಒಮ್ಮೆ.

ಆಮೇಲೆ ಒಂಬತ್ತು ವರ್ಷ, ಮಧ್ಯಾಹ್ನದ ವ್ಯಾಪಾರ ಮುಗಿದು ಸಂಜೆಯದು ಶುರುವಾಗುವ ಮೊದಲಿನ ಎರಡು ಗಂಟೆ, ಟೇಕ್‌ಅವೇಯ ಅಡುಗೆಮನೆಯಲ್ಲಿ ಪಾಠ ನಡೆಯಿತು. ಒಂದು ಕಡೆ ಸ್ಟೀಲ್ ಕಟ್ಟೆ, ಇನ್ನೊಂದು ಕಡೆ ಎಣ್ಣೆ ಕುದಿಸುವ ಫ್ರೈಯರ್, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಫಂಗ್ ಅವರನ್ನು ಆಂಟಿ ಸಿಫು ಎನ್ನುತ್ತಿದ್ದರು. ಗುರುವನ್ನೂ ಅಡುಗೆಯವರನ್ನೂ ಅವರ ಕಡೆ ಅದೇ ಹೆಸರಿನಿಂದ ಕರೆಯುತ್ತಾರಂತೆ. ನಾವು ಆಂಟಿಯನ್ನು ಹಾಗೆ ಕರೆಯಲು ಹೋದರೆ ಬಿಡುತ್ತಿರಲಿಲ್ಲ. “ಅದು ಅವರ ಹೆಸರು. ನಂದು ಸೆಲೀನ್.”

ಕಲಿಸುವಾಗ ಆಂಟಿಗೆ ಕರುಣೆ ಕಡಿಮೆ. ಯಾರಾದರೂ ‘ಇವತ್ತು ಸುಸ್ತು’ ಎಂದರೆ ಬಿಪಿ ನೋಡುವ ಹಾಗೆ ಕೈ ಹಿಡಿದು, “ಯು ಆರ್ ಗ್ರ್ಯಾಂಡ್”, ಅಂದರೆ ನಿನಗೇನೂ ಆಗಿಲ್ಲ, ಎಂದು ಮತ್ತೆ ಸಾಲಿಗೆ ನಿಲ್ಲಿಸುತ್ತಿದ್ದರು. ವಿರಾಮದಲ್ಲಿ ಮಾತ್ರ ಬೇರೆಯೇ ಹೆಂಗಸು. ಡಬ್ಬಿ ತುಂಬ ಕೋಡುಬಳೆ ತಂದು, ಮಾರ್ಟಿನ್‌ಗೆ ಹಲ್ಲು ಜೋಪಾನ ಎಂದು ಹೇಳಿ ಹೇಳಿ ತಿನ್ನಿಸುತ್ತಿದ್ದರು.

ನಾನು ಸೇರಿದ ಎರಡನೇ ವರ್ಷ ಹಾಲ್ ಸಮಿತಿಯವರು ಹೊಸ ನಿಯಮ ತಂದರು. ಇಂಥ ವಿದ್ಯೆ ಕಲಿಸುವವರಿಗೆ ಯಾವುದಾದರೂ ಮಾನ್ಯ ಸಂಘದ ಪ್ರಮಾಣಪತ್ರ ಇರಬೇಕು, ಇಲ್ಲದಿದ್ದರೆ ವಿಮೆಯವರು ಒಪ್ಪುವುದಿಲ್ಲ, ವಿಮೆ ಇಲ್ಲದೆ ಹಾಲ್ ಇಲ್ಲ. ಡಬ್ಲಿನ್ ಕಡೆ ಕೊಕ್ಕರೆ ಮುಷ್ಟಿಯದೇ ಒಂದು ಸಂಘವಿತ್ತು. ಅರ್ಜಿ ತುಂಬುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಕಾಗದಪತ್ರ ನನ್ನ ಕಸುಬು ಅಲ್ಲವೇ?

‘ಗುರುಪರಂಪರೆ ಮತ್ತು ಅವರ ಹಿನ್ನೆಲೆ’ ಎಂಬ ಕಾಲಂ ಬಂದಾಗ ನನ್ನ ಬೆಂಗಳೂರಿನ ಬುದ್ಧಿ ಕೆಲಸ ಮಾಡಿತು. ಹತ್ತಾರು ರೆಸ್ಯೂಮೆ ತಿದ್ದಿದ ಕೈ ಇದು. ದೋಣಿ ನಡೆಸುವ ಮುಯ್ ನನ್ನ ಕೈಯಲ್ಲಿ ‘ಜಲಸಾರಿಗೆ ಕ್ಷೇತ್ರದ ಪರಿಣತರು’ ಆದರು. ಮೂಳೆ ಕಟ್ಟುವ ಚಾನ್ ‘ಸಾಂಪ್ರದಾಯಿಕ ಮೂಳೆತಜ್ಞರು’. ಫಂಗ್ ಅವರನ್ನು ‘ಆತಿಥ್ಯೋದ್ಯಮದ ಹಿರಿಯ ವೃತ್ತಿಪರರು’ ಮಾಡಿದೆ. ಹೆಸರು ಗೊತ್ತಿಲ್ಲದ ಮೊದಲ ಸಾಲಿಗೆ ‘ಪ್ರಾಚೀನ ಸಾಧಕರು’ ಎಂದು ಹಾಕಿದೆ. ಇಂಗ್ಲಿಷಿನಲ್ಲಿ ಅದು ಓದಲು ಬಹಳ ಘನವಾಗಿತ್ತು. ಸಹಿ ಹಾಕಿಸಲು ಆಂಟಿಯ ಮನೆಗೆ ತೆಗೆದುಕೊಂಡು ಹೋಗುವಾಗ ನನಗೆ ನನ್ನ ಮೇಲೆಯೇ ಹೆಮ್ಮೆ.

ಆಂಟಿ ಕನ್ನಡಕ ಹಾಕಿ ಓದಿದರು. ಇನ್ನೊಂದು ಸಲ ಓದಿದರು.

“ಇದು ಯಾರು, ಆತಿಥ್ಯೋದ್ಯಮ?”

“ಫಂಗ್ ಅಂಕಲ್, ಆಂಟಿ. ಸ್ವಲ್ಪ ಪಾಲಿಶ್ ಮಾಡ್ದೆ. ಎಲ್ರೂ ಹಂಗೇ ಬರೀತಾರೆ.”

“ಅವರು ಫ್ರೈಡ್ ರೈಸ್ ಮಾಡ್ತಾ ಇದ್ರು ರೇಖಾ. ಒಳ್ಳೇದು ಮಾಡ್ತಾ ಇದ್ರು. ಅದರಲ್ಲಿ ಪಾಲಿಶ್ ಮಾಡ್ಲಿಕ್ಕೆ ಎಂತ ಉಂಟು?” ಪೆನ್ನು ತೆಗೆದು ನನ್ನ ನಾಲ್ಕೂ ಸಾಲು ಹೊಡೆದುಹಾಕಿದರು. ಮೇಲೆ ದೊಡ್ಡ ಅಕ್ಷರಗಳಲ್ಲಿ, ಕಾಗದ ಹರಿಯುವಷ್ಟು ಒತ್ತಿ, ಅಡುಗೆಯವರು, ದೋಣಿಯವರು, ಮೂಳೆ ಕಟ್ಟುವವರು, ಗೊತ್ತಿಲ್ಲ ಎಂದು ಬರೆದರು. “ಇದನ್ನೇ ಕಳಿಸು. ಬೇರೆ ಕಾಗದದಲ್ಲಿ ಚಂದ ಮಾಡಿ ಬರೀಲಿಕ್ಕೆ ಹೋಗ್ಬೇಡ.”

ನನಗೆ ಸಿಟ್ಟು ಬಂತು, ಅವಮಾನವೂ ಆಯಿತು. ಆದರೂ ಕಳಿಸಿದೆ.

ಮೂರು ವಾರದ ನಂತರ ಸಂಘದಿಂದ ಕೆವಿನ್ ಎಂಬವರು ನೋಡಲು ಬಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಬರುವಾಗ ಬಿಸ್ಕತ್ತಿನ ಡಬ್ಬಿ ತಂದಿದ್ದರು, ಎಲ್ಲರ ಕೈ ಕುಲುಕಿದರು. ನಾವು ಇಡೀ ವರಸೆಯನ್ನು ಮಾಡಿ ತೋರಿಸಿದೆವು. ಮುಗಿದ ಮೇಲೆ ಅವರು ಆಂಟಿಯನ್ನು ಮನಸಾರೆ ಹೊಗಳಿದರು. ಹೊಗಳಿ, ಎರಡು ಮಾತು ಹೇಳಿದರು.

ಮೊದಲನೆಯದು ಏಳನೇ ಹೆಜ್ಜೆಯ ಕುರಿತು. ಎಲ್ಲ ಶಾಲೆಗಳಲ್ಲೂ ಅದು ಉದ್ದನೆಯ ಹೆಜ್ಜೆ, ತೋಳು ರೆಕ್ಕೆಯ ಹಾಗೆ ಪೂರ್ತಿ ಚಾಚಬೇಕು. ನಾವು ಮಾತ್ರ ಅರ್ಧ ಹೆಜ್ಜೆ ಇಟ್ಟು, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳುತ್ತೇವೆ. ಇದು ತಪ್ಪು, ಐದು ನಿಮಿಷದಲ್ಲಿ ಸರಿಪಡಿಸಬಹುದು. ಎರಡನೆಯದು ಪಟ್ಟಿಯ ಕುರಿತು. ಈ ನಾಲ್ಕು ಸಾಲಿಗೆ ಎಲ್ಲೂ ದಾಖಲೆ ಇಲ್ಲ. ಹಾಗಾಗಿ ಆಂಟಿ ಕೆವಿನ್‌ರ ಸಂಘದ ಗುರುವಿನ ಶಿಷ್ಯೆ ಎಂದು ಹೆಸರು ಬರೆಸಿಕೊಂಡರೆ ಪ್ರಮಾಣಪತ್ರ ಕೂಡಲೇ ಸಿಗುತ್ತದೆ, ಹಾಲ್ ಉಳಿಯುತ್ತದೆ, ಕ್ಲಾಸ್ ಹೇಗಿದೆಯೋ ಹಾಗೆಯೇ ನಡೆಯುತ್ತದೆ. ಗೋಡೆಯ ಮೇಲಿನ ಹಾಳೆ ಮಾತ್ರ ಬದಲಾಗಬೇಕು.

ಆಂಟಿ ಅವರನ್ನು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಒಂದು ಉದ್ದನೆಯ ಮೇಜನ್ನು ಎಳೆದು ಗೋಡೆಗೆ ಎರಡೂವರೆ ಅಡಿ ಅಂತರದಲ್ಲಿ ಇಟ್ಟರು. ಆ ಸಂದಿಯಲ್ಲಿ ನಿಂತು ಏಳನೇ ಹೆಜ್ಜೆ ಹಾಕಿ ಎಂದರು. ಕೆವಿನ್ ಹಾಕಿದರು, ಬೆರಳ ಗೆಣ್ಣು ಮೇಜಿಗೆ ಬಡಿಯಿತು. “ಅಲ್ಲಿ ಎಣ್ಣೆ ಕುದಿಯುತ್ತಾ ಇತ್ತು” ಎಂದರು ಆಂಟಿ, ಇಂಗ್ಲಿಷಿನಲ್ಲಿ. “ನನ್ನ ಗುರು ಮೂವತ್ತು ವರ್ಷ ಅದರ ಪಕ್ಕದಲ್ಲೇ ಈ ವಿದ್ಯೆಯನ್ನು ಉಳಿಸಿಕೊಂಡರು. ಅವರಿಗೆ ಉದ್ದದ ಹೆಜ್ಜೆ ಮರೆತೇ ಹೋಗಿತ್ತು. ನನಗೆ ಕೊಟ್ಟಿದ್ದು ಇದು. ನಿಮ್ಮ ಹೆಜ್ಜೆ ಚಂದ ಉಂಟು, ಆದರೆ ಅದು ನನಗೆ ಯಾರೂ ಕೊಟ್ಟದ್ದಲ್ಲ.”

ಪಟ್ಟಿಯ ಮಾತಿಗೆ ಅವರು ಕೊಟ್ಟ ಉತ್ತರ ಇನ್ನೂ ಚಿಕ್ಕದು. “ಐ ವಿಲ್, ಯಾ” ಎಂದರು. ಕಾರ್ಕ್‌ನವರ ಬಾಯಲ್ಲಿ ಹಾಗೆಂದರೆ ಸತ್ತರೂ ಮಾಡುವುದಿಲ್ಲ ಎಂದರ್ಥ. ಮೂವತ್ತು ವರ್ಷ ಇಲ್ಲಿದ್ದು ಆಂಟಿ ಅದನ್ನು ಪಕ್ಕಾ ಕಲಿತಿದ್ದರು. ಮಾರ್ಟಿನ್ ಗೊಳ್ಳನೆ ನಕ್ಕರು. ಕೆವಿನ್ ನಗಲಿಲ್ಲ.

ತಿಂಗಳ ಕೊನೆಗೆ ಹಾಲ್ ಹೋಯಿತು. ಆಂಟಿ ಒಂದು ದಿನವೂ ತಪ್ಪಿಸದೆ ಕ್ಲಾಸನ್ನು ನದಿ ಪಕ್ಕದ ಪಾರ್ಕಿಗೆ ಹೊತ್ತೊಯ್ದರು. ಹುಲ್ಲು ಸದಾ ಒದ್ದೆ, ಗಾಳಿ ಕಿವಿ ಕಚ್ಚುತ್ತಿತ್ತು. ಹಾಳೆಯನ್ನು ಮರಕ್ಕೆ ಕಟ್ಟಿದರೆ ಮಳೆಗೆ ಅಕ್ಷರ ಇಳಿದು ಹೋಗುತ್ತಿತ್ತು. ಆಂಟಿ ಮುಂದಿನ ವಾರಕ್ಕೆ ಹೊಸದನ್ನು ಬರೆದು ತರುತ್ತಿದ್ದರು. ಹದಿನಾರು ಜನ ಒಂಬತ್ತಾದರು. ನನಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಎಲ್ಲರೂ ಹೋದ ಮೇಲೆ ಕೇಳಿಯೇ ಬಿಟ್ಟೆ.

“ಒಂದ್ ಹೆಸ್ರು ತಾನೇ ಆಂಟಿ? ಫಂಗ್ ಅಂಕಲ್ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಅವ್ರಿಗೇನು ಗೊತ್ತಾಗುತ್ತೆ? ಬದುಕಿರೋ ನಾವು ಚಳೀಲಿ ಸಾಯ್ತಾ ಇದೀವಿ.”

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಕೂತು, ನನ್ನನ್ನೂ ಕೂರಿಸಿದರು.

“ಒಂದು ಸಲ ಈ ಸಂಘದಂಥವರೆಲ್ಲ ಸೇರಿ ಡಬ್ಲಿನ್‌ನಲ್ಲಿ ದೊಡ್ಡ ಹಬ್ಬ ಮಾಡಿದ್ರು. ಎಲ್ಲ ಶಾಲೆಯವರೂ ಬಂದು ಅವರವರ ವಿದ್ಯೆ ತೋರಿಸುವುದು. ಸಿಫುಗೂ ಕಾಗದ ಬಂತು. ಅವರು ಹೊಸ ಅಂಗಿ ತಗೊಂಡ್ರು, ಗೊತ್ತುಂಟಾ? ಟೇಕ್‌ಅವೇಗೆ ರಜೆ ಹಾಕಿ ಹೋದ್ರು. ಅಲ್ಲಿ ಹೋದ ಮೇಲೆ ಯಾರೋ ಕೇಳಿದ್ರಂತೆ, ನೀವು ಎಂತ ಮಾಡ್ತೀರಿ ಅಂತ. ಅಡುಗೆ ಅಂದ್ರು. ಓ, ಒಳ್ಳೇದಾಯ್ತು ಅಂತ ನೇರ ಅಡುಗೆಮನೆಗೆ ಕರ್ಕೊಂಡು ಹೋದ್ರಂತೆ. ಇನ್ನೂರು ಜನರಿಗೆ ಊಟ. ಸಂಜೆವರೆಗೆ ಬೇಯಿಸಿ, ಬಡಿಸಿ, ರೈಲು ಹತ್ತಿ ಬಂದ್ರು. ನನ್ನ ಹತ್ರ ಹಬ್ಬ ಭಾರೀ ಚಂದ ಆಯ್ತು ಅಂದ್ರು. ಅವರು ತೀರಿದ ಮೇಲೆ ಹೆಂಡತಿ ಹೇಳಿದ್ದು ನನಗೆ.”

ಆಮೇಲೆ ನನ್ನ ಕಡೆ ತಿರುಗಿ, ನಾನೇ ಆ ಹಬ್ಬ ಮಾಡಿದವಳೇನೋ ಎಂಬಂತೆ ದಿಟ್ಟಿಸಿದರು. “ಈಗ ನಾನು ಆ ಹೆಸರು ತೆಗೆದ್ರೆ, ಅವರನ್ನು ಇನ್ನೊಂದು ಸಲ ಅಡುಗೆಮನೆಗೆ ಕಳಿಸಿದ ಹಾಗೆ ಆಯ್ತು. ನಾನು ಕಳಿಸುವುದಿಲ್ಲ. ಚಳಿ ಆಗ್ತದೆ ಅಂದ್ರೆ ಎರಡು ಸ್ವೆಟರ್ ಹಾಕು.”

ನನಗೆ ಅಳು ಬಂತು. ಅರ್ಜಿಯಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಆ ಮನುಷ್ಯನಿಗೆ ಒಳ್ಳೆಯ ಕೋಟು ತೊಡಿಸುತ್ತೇನೆ ಎಂದುಕೊಂಡು ಅವರ ಕಸುಬನ್ನು ಮುಚ್ಚಿಟ್ಟಿದ್ದೆ. ಅವತ್ತು ಅಲ್ಲಿ ಹೇಳಿದ ಸಾರಿ ನನ್ನ ಜೀವನದಲ್ಲಿ ಅರ್ಥ ತಿಳಿದು ಹೇಳಿದ ಮೊದಲನೆಯದು. ಅದನ್ನು ಆಂಟಿ ತೆಗೆದುಕೊಂಡರು.

ಆ ವಿದ್ಯೆಯಲ್ಲಿ ಒಂದು ಪದ್ಧತಿಯಿದೆ. ಶಿಷ್ಯರು ಮಂಡಿಯೂರಿ ಗುರುವಿಗೆ ಎರಡೂ ಕೈಯಿಂದ ಚಹಾ ಕೊಡಬೇಕು. ಗುರು ಕುಡಿದರೆ ಶಿಷ್ಯರ ಹೆಸರು ಪಟ್ಟಿಗೆ ಸೇರುತ್ತದೆ, ಕುಡಿಯದಿದ್ದರೆ ಇಲ್ಲ. ನಾನು ಸೇರಿದ ಐದನೇ ವರ್ಷ ಆಂಟಿ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಫೋನ್ ಮಾಡಿ, “ಸಂಜೆ ಬಾ, ಚಹಾ ಮಾಡ್ಲಿಕ್ಕುಂಟು” ಎಂದರು. ಅವರ ಅಡುಗೆಮನೆಯಲ್ಲಿ ಗಾಬರಿಯಲ್ಲಿ ನಾನು ಅಭ್ಯಾಸಬಲದಿಂದ ಹಾಲು, ಶುಂಠಿ, ಏಲಕ್ಕಿ, ಮೂರು ಚಮಚ ಸಕ್ಕರೆ ಹಾಕಿ ಕುದಿಸಿಬಿಟ್ಟೆ. ಕೊಡಬೇಕಾದದ್ದು ಚೀನೀ ಎಲೆಯ ಕಪ್ಪು ಚಹಾ ಎಂದು ನೆನಪಾದದ್ದು ಮಂಡಿಯೂರಿದ ಮೇಲೆ. ಆಂಟಿ ಲೋಟದೊಳಗೆ ನೋಡಿ, ನನ್ನ ಮುಖ ನೋಡಿ, ಪೂರ್ತಿ ಕುಡಿದು ಇಟ್ಟರು. “ಸಕ್ಕರೆ ಜಾಸ್ತಿ. ನಾನು ಸಿಫುಗೆ ಕೊಟ್ಟದ್ದು ಆಸ್ಪತ್ರೆಯ ಟೀ ಬ್ಯಾಗಿನದ್ದು, ಅದು ಇದಕ್ಕಿಂತ ಹಾಳು.” ನನ್ನ ಕಂಪನಿಯಲ್ಲಿ ಬಡ್ತಿ ಸಿಕ್ಕಾಗಲೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ತಡವಾಗಿತ್ತು. ತಾವೇ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಮಲಗಿ, ಎಳೆಯ ನರ್ಸ್‌ಗಳಿಗೆ ಡ್ರಿಪ್ ಹಾಕುವುದನ್ನು ತಿದ್ದುತ್ತಿದ್ದರು. ನಾನು ಕೊನೆಯ ಸಲ ನೋಡಲು ಹೋದ ಮಧ್ಯಾಹ್ನ ಅವರ ಮಗಳು ಮೆಲಿಸ್ಸಾ ಪಕ್ಕದಲ್ಲಿದ್ದಳು. ಅವಳು ಇಲ್ಲೇ ಹುಟ್ಟಿದವಳು; ತಾಯಿಯ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಅಪ್ಪಟ ಕಾರ್ಕ್ ಇಂಗ್ಲಿಷಿನಲ್ಲಿ. ಆಂಟಿ ಹಾಳೆ, ಪೆನ್ನು ತರಿಸಿದ್ದರು.

“ಬರಿ. ಫಂಗ್ ಅವರ ಕೆಳಗೆ ಸೆಲೀನ್, ನರ್ಸ್. ಮಾಸ್ಟರ್ ಗೀಸ್ಟರ್ ಎಂತದೂ ಬೇಡ. ಅದರ ಕೆಳಗೆ ನಿಂದು. ನಿನ್ನ ಕೆಲಸ ಎಂತ ಅಂತ ಬರೀತೀ? ನನಗೆ ಇವತ್ತಿಗೂ ಅರ್ಥ ಆಗ್ಲಿಲ್ಲ.”

“ಬೇರೆಯವ್ರು ಬರೆದ ಕಾಗದದಲ್ಲಿ ತಪ್ಪು ಹುಡುಕೋದು ಆಂಟಿ.”

“ಅದನ್ನೇ ಬರಿ” ಎಂದು ನಕ್ಕರು. ನಗಲು ನೋವಾಗುತ್ತಿತ್ತು. ನಾನು ಬರೆದೆ: ರೇಖಾ, ಕಾಗದ ನೋಡುವವಳು. ಅವರು ಕನ್ನಡಕ ಹಾಕಿಕೊಂಡು ಐದೂ ಹೆಸರನ್ನು, ಗೊತ್ತಿಲ್ಲದ ಒಂದನ್ನೂ, ನಿಧಾನವಾಗಿ ಓದಿ ವಾಪಸ್ ಕೊಟ್ಟರು. ಒಂಬತ್ತು ದಿನಕ್ಕೆ ಹೋದರು.

ಅಂತ್ಯಕ್ರಿಯೆಯ ಪೂಜೆಯ ನಂತರ ಚಹಾ, ಸ್ಯಾಂಡ್‌ವಿಚ್ ಇಟ್ಟದ್ದು ಅದೇ ಚರ್ಚ್ ಹಾಲ್‌ನಲ್ಲಿ. ಸುಮಾರು ಮೂರು ವರ್ಷ ನಮ್ಮನ್ನು ಹೊರಗಿಟ್ಟ ಹಾಲ್ ಅವತ್ತು ಅವರ ಹೆಸರಿನಲ್ಲಿ ಬೆಚ್ಚಗಿತ್ತು. ನನಗೆ ಆ ಹೀಟರ್‌ಗಳನ್ನು ನೋಡಿಯೇ ಮೈ ಉರಿಯಿತು. ಕೆವಿನ್ ಡಬ್ಲಿನ್‌ನಿಂದ ಬಂದಿದ್ದರು. ಕಣ್ಣು ಒದ್ದೆಯಾಗಿತ್ತು, ನಾಟಕವಾಗಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಸಂಘದವರು ಸೆಲೀನ್ ಅವರಿಗೆ ಮರಣೋತ್ತರವಾಗಿ ಮಾಸ್ಟರ್ ಪದವಿ ಕೊಡಲು ಒಪ್ಪಿದ್ದಾರೆ. ತಮ್ಮ ದೊಡ್ಡ ಪಟ್ಟಿಯಲ್ಲಿ, ತಮ್ಮ ಗುರುವಿನ ಕೆಳಗೆ, ಅವರ ಹೆಸರು ಬರುತ್ತದೆ. ಅವರ ಕೆಳಗೆ ನನ್ನದು. ನಾನು ಒಂದು ಸಹಿ ಹಾಕಿದರೆ ಮುಂದಿನ ವಾರದಿಂದಲೇ ಕ್ಲಾಸ್ ಹಾಲ್‌ಗೆ ವಾಪಸ್ ಬರಬಹುದು.

ಆ ಕಡೆ ಮಾರ್ಟಿನ್ ಕೆಮ್ಮುತ್ತಿದ್ದರು. ಅವರಿಗೆ ಎಪ್ಪತ್ತೊಂದು, ಪಾರ್ಕಿನ ಚಳಿ ಅವರ ಎದೆಗೆ ಒಗ್ಗುತ್ತಿರಲಿಲ್ಲ. ಅದನ್ನು ನೋಡಿ ಒಂದು ಕ್ಷಣ ನಾನು ಅಲ್ಲಾಡಿದ್ದು ನಿಜ, ಸುಳ್ಳೇಕೆ ಹೇಳಲಿ?

“ಫಂಗ್ ಎಲ್ಲಿ ಬರ್ತಾರೆ?” ಎಂದು ಕೇಳಿದೆ.

ಕೆವಿನ್ ನೆಲ ನೋಡಿದರು. ಅಡಿಟಿಪ್ಪಣಿಯಲ್ಲಿ ಹಾಕಬಹುದು, ನಾನೇ ಹೇಳಿ ಹಾಕಿಸುತ್ತೇನೆ ಎಂದರು.

ಬೇಡ ಎಂದೆ. ಸಹಿ ಹಾಕುವುದಿಲ್ಲ, ಪದವಿಯೂ ಬೇಡ, ಹಾಲ್ ಕೂಡ ಬೇಡ ಎಂದೆ. ಸುತ್ತಲಿನ ನಾಲ್ಕು ಜನ ತಿರುಗಿ ನೋಡಿದರು. ಮೆಲಿಸ್ಸಾ ಟ್ರೇ ಹಿಡಿದು ಬಂದವಳು ನನ್ನ ಪಕ್ಕದಲ್ಲೇ ನಿಂತುಬಿಟ್ಟಳು.

“ಹಾಗಾದ್ರೆ ಅವರಿಗೆ ಏನಂತ ಹೇಳಲಿ?” ಎಂದರು ಕೆವಿನ್.

“ನಿಮ್ಮ ಹೆಸರುಗಳ ಸಾಲಲ್ಲಿ ಕೂರೋಕೆ ನಮ್ಮವರಿಗೆ ಪುರುಸೊತ್ತಿಲ್ಲ ಅಂತ ಹೇಳಿ. ಒಬ್ಬರು ಅಡುಗೆ ಮಾಡ್ತಿದ್ರು, ಒಬ್ಬರು ರೋಗಿಗಳನ್ನ ನೋಡ್ತಿದ್ರು. ಉಳಿದ ಹೊತ್ತಲ್ಲಿ ಈ ವಿದ್ಯೆ ಉಳಿಸಿದ್ರು. ನಿಮಗೆ ಅದನ್ನ ಕಲೀಬೇಕು ಅನ್ಸಿದ್ರೆ ಶನಿವಾರ ಹತ್ತು ಗಂಟೆಗೆ ಪಾರ್ಕಿಗೆ ಬನ್ನಿ ಕೆವಿನ್. ಹೊಸಬರು ಹಿಂದಿನ ಸಾಲಲ್ಲಿ ನಿಲ್ಬೇಕು.”